ನಾಳೆಯ ಕೆಲಸ, ಇಂದಿನ ವಹಿ



ನಮ್ಮ ಮನೆಗಳಲ್ಲಿ ಸಾಲದ ಲೆಕ್ಕಕ್ಕೆ ವಹಿ ಇದೆ. ಅಡತಿ ಅಂಗಡಿಯ ಚೀಟಿಗಳು ಗೂಟಕ್ಕೆ ಸಿಕ್ಕಿಸಿವೆ. ಹಾಲಿನ ಲೆಕ್ಕ ಗೋಡೆಯ ಮೇಲೆ ಗೆರೆಯಾಗಿ ನಿಂತಿದೆ. ಆದರೆ ನಾವು ಮಾಡಬೇಕಾದ ಕೆಲಸದ ಲೆಕ್ಕ ಮಾತ್ರ ಎಲ್ಲಿಯೂ ಬರೆದಿಲ್ಲ. ಕೇಳಿದರೆ, "ನೆನಪೈತಿ ಬಿಡ್ರಿ" ಅನ್ನುತ್ತೇವೆ. ನೆನಪು ಇರುತ್ತದೆ, ಸುಳ್ಳಲ್ಲ. ಆದರೆ ಅದು ಬರುವ ಹೊತ್ತು ನಮ್ಮ ಕೈಯಲ್ಲಿಲ್ಲ. ಯೂರಿಯಾ ತರಬೇಕಾಗಿತ್ತೆಂಬುದು ಗದ್ದೆಯ ಬದುವಿನ ಮೇಲೆ ನಿಂತಾಗ ಹೊಳೆಯುತ್ತದೆಯೇ ಹೊರತು ಗೊಬ್ಬರದ ಅಂಗಡಿಯ ಮುಂದೆ ಹಾದುಹೋಗುವಾಗ ಹೊಳೆಯುವುದಿಲ್ಲ.

ಇದರಿಂದ ಆಗುವ ನಷ್ಟ ಎಷ್ಟೆಂಬುದನ್ನು ಮಾನ್ವಿ ಕಡೆಯ ಭತ್ತದ ರೈತರು ಚೆನ್ನಾಗಿ ಬಲ್ಲರು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿರುವವರಿಗೆ ನೀರು ನಾವು ಕರೆದಾಗ ಬರುವುದಿಲ್ಲ, ಅದು ಬಂದಾಗ ನಾವು ಸಿದ್ಧರಿರಬೇಕು. ನಾಟಿ ಮಾಡಿ ಇಪ್ಪತ್ತೈದು ಮೂವತ್ತು ದಿನಕ್ಕೆ ಮೇಲುಗೊಬ್ಬರ ಕೊಡುವ ಕಾಲ ಬಂತೆನ್ನಿ. ಮಡಿಯ ನೀರು ತೆಳ್ಳಗಾಗಬೇಕು, ಕಳೆ ತೆಗೆದಿರಬೇಕು, ಗೊಬ್ಬರ ಎರಚಬೇಕು, ಆಮೇಲೆ ಮತ್ತೆ ನೀರು ಕಟ್ಟಬೇಕು. ಈಗ ನಡುರಾತ್ರಿ ಯಾರೋ ಬಂದು, "ಕಾಲುವ್ಯಾಗ ನೀರು ಬಂದಾವ, ಏಳೋ" ಎಂದು ಕೂಗಿದಾಗ ಕಳೆ ಹಾಗೇ ಇದೆ, ಗೊಬ್ಬರ ಅಂಗಡಿಯಲ್ಲಿದೆ, ಬದುವಿನಲ್ಲಿ ಇಲಿ ಬಿಲ ಬಾಯಿ ತೆರೆದಿದೆ. ಬಂದ ನೀರು ಬಿಲದಿಂದ ಪಕ್ಕದವರ ಗದ್ದೆಗೆ ಹೋಗುತ್ತದೆ. ಮುಂದಿನ ಪಾಳಿ ಯಾವಾಗಲೋ!

ಆದ್ದರಿಂದ ಕೆಲಸದ ವಹಿಯ ಒಂದು ಪುಟಕ್ಕೆ "ನೀರು ಬರುವುದರೊಳಗೆ" ಎಂದು ತಲೆಬರಹ ಕೊಡಿ. ತಾರೀಖು ಗೊತ್ತಿಲ್ಲದ ಕೆಲಸಗಳನ್ನು ಹೀಗೆ ಬರೆಯುವುದೇ ಸರಿ. ಬರೆಯುವಾಗ "ಬದು ರಿಪೇರಿ" ಎಂದು ಬರೆಯಬೇಡಿ. ಅದನ್ನು ಓದಿದರೆ ಮೈ ಏಳುವುದಿಲ್ಲ. "ಬಡಗಣ ಬದುವಿನ ಇಲಿ ಬಿಲ ಮುಚ್ಚುವುದು, ಸಣ್ಣ ಮಗ" ಎಂದು ಬರೆಯಿರಿ. ಯಾವ ಬದು, ಏನು ಕೆಲಸ, ಯಾರು ಮಾಡುವವರು, ಮೂರೂ ಬಂದವು. ಹೆಸರಿಲ್ಲದ ಕೆಲಸ ಎಲ್ಲರದೂ ಹೌದು, ಯಾರದೂ ಅಲ್ಲ.

ದೇವದುರ್ಗದ ಕಡೆ, ನಾರಾಯಣಪುರ ಬಲದಂಡೆ ಕಾಲುವೆಯ ನೀರು ಮುಟ್ಟದ ಎರೆ ಹೊಲಗಳಲ್ಲಿ ಲೆಕ್ಕ ಬೇರೆ. ಅಲ್ಲಿ ಹಿರಿಯರು ಕೊಟ್ಟ ಪಂಚಾಂಗವೇ ಒಳ್ಳೆಯ ವಹಿ. ಒಂದೊಂದು ಮಳೆ ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ. ಮಿರಗ, ಆರಿದ್ರ, ಪುಷ್ಯ, ಉತ್ತರಿ, ಹಸ್ತ ಎಂದು ಒಂದೊಂದಕ್ಕೂ ಒಂದು ಪುಟ ಬಿಟ್ಟರಾಯಿತು. ಹಿಂಗಾರಿ ಬಿಳಿಜೋಳದ ಬೀಜ ಉತ್ತರಿ ಮಳೆಯ ಹೊತ್ತಿಗೆ ಮನೆಯಲ್ಲಿರಬೇಕಾದರೆ, ಬೀಜ ತರುವ ಮಾತನ್ನು ಹುಬ್ಬಿಯ ಪುಟದಲ್ಲೇ ಬರೆಯಿರಿ. ಬಿತ್ತುವ ದಿನ ಬರೆದುಕೊಂಡರೆ ಸಾಲದು, ಅದಕ್ಕೆ ತಯಾರಾಗುವ ದಿನವೂ ಬೇಕು.

ಹತ್ತಿ ಹಾಕಿದವರಿಗಂತೂ ಬರೆಯದೆ ಗತಿಯಿಲ್ಲ. ಗುಲಾಬಿ ಕಾಯಿಕೊರಕದ ಹುಳುವಿಗೆ ಬಿತ್ತಿದ ನಲವತ್ತೈದು ದಿನಕ್ಕೆ ಎಕರೆಗೆ ಎರಡು ಮೋಹಕ ಬಲೆ ಕಟ್ಟುತ್ತೇವೆ. ಒಂದು ಬಲೆಗೆ ಒಂದು ರಾತ್ರಿಗೆ ಎಂಟು ಪತಂಗದಂತೆ ಸತತ ಮೂರು ರಾತ್ರಿ ಬಿದ್ದರೆ ಔಷಧಿ ಹೊಡೆಯಬೇಕೆಂದು ಲೆಕ್ಕ. ಮೊನ್ನೆ ಎಷ್ಟು ಬಿದ್ದಿತ್ತು, ಆಚೆ ಮೊನ್ನೆ ಎಷ್ಟು? ಬಾಯಿಲೆಕ್ಕದಲ್ಲಿ ಒಬ್ಬ ಆರು ಎಂದರೆ ಇನ್ನೊಬ್ಬ ಹತ್ತು ಅನ್ನುತ್ತಾನೆ. ಕಡೆಗೆ ಪಕ್ಕದ ಹೊಲದವರು ಹೊಡೆದರೆಂದು ನಾವೂ ಹೊಡೆಯುತ್ತೇವೆ. ಬೇಕಿಲ್ಲದಾಗ ಹೊಡೆದರೆ ದುಡ್ಡು ಹೋಯಿತು, ಬೇಕಾದಾಗ ಬಿಟ್ಟರೆ ಕಾಯಿ ಹೋಯಿತು. ದಿನಾ ಬೆಳಿಗ್ಗೆ ಒಂದು ಅಂಕಿ ಬರೆಯಲು ಎಷ್ಟು ಹೊತ್ತು ಬೇಕು ಹೇಳಿ?

ಇನ್ನು ರಾಯಚೂರಿಗೆ ಹೋಗುವ ಮಾತು. ಬಸ್ಸಿನ ದಾರಿಯಲ್ಲೇ ಅರ್ಧ ದಿನ ಹೋಗುತ್ತದೆ. ಅದಕ್ಕಾಗಿ "ರಾಯಚೂರಿಗೆ ಹೋದಾಗ" ಎಂಬ ಒಂದು ಪುಟ ಇರಲಿ. ಗಂಜಿನಲ್ಲಿ ಹತ್ತಿಯ ಧಾರಣೆ ವಿಚಾರಿಸುವುದು, ಬ್ಯಾಂಕಿನಲ್ಲಿ ಸಾಲದ ಕಂತು ಕಟ್ಟುವುದು, ಔಷಧಿ ಹೊಡೆಯುವ ಪಂಪಿಗೆ ವಾಶರು ತರುವುದು, ಲಿಂಗಸುಗೂರು ರಸ್ತೆಯ ಕೃಷಿ ವಿಶ್ವವಿದ್ಯಾಲಯದಲ್ಲಿ ರೋಗ ಬಿದ್ದ ತೊಗರಿ ಗಿಡ ತೋರಿಸುವುದು. ಹಳ್ಳಿಯಲ್ಲಿ ಕುಳಿತಾಗ ನೆನಪಾದದ್ದನ್ನೆಲ್ಲ ಅಲ್ಲಿ ಸೇರಿಸುತ್ತ ಹೋಗಿ. ಬಸ್ಸು ಹತ್ತುವಾಗ ಆ ಪುಟ ಜೇಬಿನಲ್ಲಿರಲಿ. ಐದು ರೂಪಾಯಿಯ ವಾಶರಿಗಾಗಿ ಇನ್ನೊಂದು ದಿನ ಹಾಳಾಗುವುದು ಬೇಡ.

ವಹಿಯ ಮೊದಲ ಪುಟದಲ್ಲಿ ಬೆಳೆ ವಿಮೆಯ ರಸೀದಿಯ ನಂಬರು ಬರೆದಿಡಿ. ಆಲಿಕಲ್ಲು ಬಿದ್ದು ಬೆಳೆ ಹಾಳಾದರೆ 72 ಗಂಟೆಯೊಳಗೆ ತಿಳಿಸಬೇಕು. ಆ ಮೂರು ದಿನದಲ್ಲಿ ಒಂದು ದಿನ ರಸೀದಿ ಹುಡುಕುವುದಕ್ಕೇ ಹೋಗಬಾರದು.

ರಾತ್ರಿ ಉಂಡ ಮೇಲೆ ಹತ್ತು ನಿಮಿಷ ಸಾಕು. ಆದ ಕೆಲಸಕ್ಕೆ ಗೆರೆ ಎಳೆಯಿರಿ, ನಾಳೆಗೆ ಮೂರೇ ಕೆಲಸ ಆರಿಸಿ. ಹನ್ನೆರಡು ಬರೆದರೆ ಬೆಳಿಗ್ಗೆ ನೋಡಿದ ಕೂಡಲೇ ಎದೆ ಧಸಕ್ಕೆನ್ನುತ್ತದೆ, ಒಂದೂ ಆಗುವುದಿಲ್ಲ. ಮೂರು ಸಲ ಮುಂದಕ್ಕೆ ಹೋದ ಕೆಲಸವಿದ್ದರೆ ಅದನ್ನು ಬೇರೆಯವರಿಗೆ ಒಪ್ಪಿಸಿ, ಇಲ್ಲವೆ ಬೇಡವೆಂದು ಹೊಡೆದುಹಾಕಿ. ಓದು ಬಾರದವರು ಹಿಂಜರಿಯಬೇಕಿಲ್ಲ. ಶಾಲೆಗೆ ಹೋಗುವ ಮಗಳು ಬರೆಯಲಿ, ಅಪ್ಪ ಅವ್ವ ಹೇಳಲಿ. ಅವ್ವನ ಕೆಲಸಗಳೂ ಅದರಲ್ಲಿ ಬರಬೇಕು. ಎಮ್ಮೆಗೆ ಕಾಲುಬಾಯಿ ಬೇನೆಯ ಲಸಿಕೆ ಯಾವಾಗ ಹಾಕಿಸಿದ್ದೆಂದು ಬಹಳ ಮನೆಗಳಲ್ಲಿ ಆಕೆಗೇ ಗೊತ್ತು.

ಮೊಬೈಲಿನಲ್ಲಿ ಬರೆದುಕೊಳ್ಳುವ ಹುಡುಗರು ಹಾಗೆಯೇ ಮಾಡಲಿ, ಬೇಡವೆನ್ನುವುದಿಲ್ಲ. ಆದರೆ ಮೊಬೈಲು ಹುಡುಗನ ಜೊತೆ ಊರಿಗೆ ಹೋಗುತ್ತದೆ, ವಹಿ ಮನೆಯವರೆಲ್ಲರ ಕಣ್ಣೆದುರಿಗೆ ಇರುತ್ತದೆ.

ಬರೆಯುವುದು ಪೆನ್ಸಿಲಿನಲ್ಲಿರಲಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಕಾಲುವೆ ನಂಬಿದವರ ಲೆಕ್ಕವೆಲ್ಲ ಬೆಳಗಾಗುವುದರೊಳಗೆ ಬದಲಾಗಿತ್ತು. ಅಂಥ ದಿನ ಅಳಿಸಿ ಬರೆಯಲು ಬರಬೇಕು. ಪೆನ್ಸಿಲಿಗೊಂದು ದಾರ ಕಟ್ಟಿ ವಹಿಗೇ ಗಂಟು ಹಾಕಿಬಿಡಿ, ಮಕ್ಕಳು ಒಯ್ದುಬಿಟ್ಟಾರು.