ವಿದ್ಯುನ್ಮಾನ ಡ್ರಮ್ ವಾದ್ಯವನ್ನು ಪರೀಕ್ಷಿಸುವ ಬಗೆ

ಸೂಳಗಿರಿಯ ನಮ್ಮ ಪೋಷಕರೊಬ್ಬರು ಈ ವರ್ಷ ನಮ್ಮನ್ನು ಒಂದು ಪ್ರಶ್ನೆ ಕೇಳಿದರು. ಅವರ ಮಗನು ಶಾಲೆಯ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವ ಹುಡುಗ. ಅವನು ಮನೆಯಲ್ಲಿ ಅಭ್ಯಾಸಕ್ಕೆ ಕುಳಿತರೆ ಪಕ್ಕದ ಮನೆಯವರಿಗೆ ನೆಮ್ಮದಿಯಿಲ್ಲ. ಅಭ್ಯಾಸವನ್ನು ನಿಲ್ಲಿಸಿದರೆ ಅವನ ಮುಖದಲ್ಲಿ ಕಳೆಯಿಲ್ಲ. ಹೆಚ್ಚು ಸದ್ದಿಲ್ಲದೆ ನುಡಿಸಬಹುದಾದ, ಬಲೆಯ ಹೊದಿಕೆಯುಳ್ಳ ವಿದ್ಯುನ್ಮಾನ ಡ್ರಮ್ಮನ್ನು ಕೊಳ್ಳಬಹುದೆ ಎಂಬುದು ಅವರ ಪ್ರಶ್ನೆ. ಅದರ ಬೆಲೆಯಾದರೋ ಸಾಮಾನ್ಯ ಸಂಸಾರಸ್ಥರಿಗೆ ಹಗುರವಾದುದಲ್ಲ. ಆದುದರಿಂದ ನಾವು ತಂದೆ ಮಕ್ಕಳಿಬ್ಬರೊಡನೆ ಬೆಂಗಳೂರಿಗೆ ಹೋಗಿ, ವಾದ್ಯದ ಅಂಗಡಿಯೊಂದರಲ್ಲಿ ಅದನ್ನು ಪರೀಕ್ಷಿಸಿ ನೋಡಿದೆವು. ಅಲ್ಲಿ ತಿಳಿದುದನ್ನು ಇತರ ಪೋಷಕರಿಗೂ ವಿದ್ಯಾರ್ಥಿಗಳಿಗೂ ತಿಳಿಸುವುದು ಯುಕ್ತವೆಂದು ಭಾವಿಸಿ ಈ ಲೇಖನವನ್ನು ಬರೆದಿದ್ದೇವೆ.

ಮೊದಲು ನಮಗೆ ಚಿರಪರಿಚಿತವಾದ ವಾದ್ಯಗಳನ್ನು ನೆನೆಯೋಣ. ತಮಟೆಯನ್ನು ಬಾರಿಸುವ ಮುನ್ನ ಬೆಂಕಿಯ ಕಾವಿಗೆ ಹಿಡಿಯುವುದನ್ನು ಮಕ್ಕಳು ಜಾತ್ರೆಗಳಲ್ಲಿ ಕಂಡಿರಬಹುದು. ಕಾವಿನಿಂದ ಚರ್ಮವು ಬಿಗಿಯಾಗುತ್ತದೆ, ಸ್ವರ ಏರುತ್ತದೆ. ಮೃದಂಗದ ಬಲಮುಖದ ನಡುವೆ ಕಪ್ಪು ಕರಣೆಯನ್ನು ಮೆತ್ತಿರುತ್ತಾರೆ. ಸಾಮಾನ್ಯ ಚರ್ಮವಾದ್ಯದಲ್ಲಿ ಮೂಲಸ್ವರದೊಡನೆ ಹೊರಡುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಕರಣೆಯ ಭಾರದಿಂದ ಅವು ಪರಸ್ಪರ ಹೊಂದಿ ಇಂಪಾದ ನಾದವಾಗುತ್ತದೆ. ಸರ್ ಸಿ. ವಿ. ರಾಮನ್ನರು ಈ ವಿಷಯವನ್ನು 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿಯೂ, ಬೆಂಗಳೂರಿಗೆ ಬಂದ ಅನಂತರ 1934ರ ಒಂದು ಲೇಖನದಲ್ಲಿಯೂ ವಿವರಿಸಿದರು. ಈ ವಾದ್ಯಗಳಲ್ಲೆಲ್ಲ ಚರ್ಮವೇ ಕಂಠ.

ವಿದ್ಯುನ್ಮಾನ ಡ್ರಮ್ಮಿನ ರೀತಿ ಬೇರೆ. ಅದರ ಹೊದಿಕೆಯು ಪಾಲಿಯೆಸ್ಟರ್ ಎಳೆಗಳಿಂದ ನೆಯ್ದ ಬಲೆ. ಜರಡಿಯಂತೆ ರಂಧ್ರಗಳಿರುವುದರಿಂದ ಗಾಳಿಯು ತೂರಿಹೋಗುತ್ತದೆ. ಪೆಟ್ಟಿನ ಸದ್ದು ಅತ್ಯಲ್ಪವಾಗುತ್ತದೆ. ಬಲೆಯ ಅಡಿಯಲ್ಲಿ ಒಂದು ಪುಟ್ಟ ಬಿಲ್ಲೆಯಿದೆ. ಅದು ಅದುಮಿದರೆ ವಿದ್ಯುತ್ತನ್ನು ಹುಟ್ಟಿಸುವ ಜಾತಿಯದು. ಕೆಲವು ವಸ್ತುಗಳಿಗೆ ಈ ಗುಣವಿರುವುದನ್ನು 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ಕಂಡುಹಿಡಿದರು. ನಮ್ಮ ಅಡಿಗೆಮನೆಯಲ್ಲಿ ಟಿಕ್ಕೆಂದು ಕಿಡಿ ಹಾರಿಸುವ ಗ್ಯಾಸ್ ಲೈಟರಿನಲ್ಲಿಯೂ ಇದೇ ತತ್ತ್ವವಿದೆ. ಬಿಲ್ಲೆಯಿಂದ ಹೊರಟ ವಿದ್ಯುತ್ತು ತಂತಿಯ ಮೂಲಕ ಒಂದು ಪೆಟ್ಟಿಗೆಯನ್ನು ಸೇರುತ್ತದೆ. ಪೆಟ್ಟಿಗೆಯು ಪೆಟ್ಟಿನ ಬಲವನ್ನು ಸಾಮಾನ್ಯವಾಗಿ 1ರಿಂದ 127ರವರೆಗಿನ ಅಂಕೆಯಾಗಿ ಅಳೆದು, ತನ್ನೊಳಗೆ ಶೇಖರಿಸಿರುವ ಧ್ವನಿಗಳಲ್ಲಿ ತಕ್ಕುದನ್ನು ಹೆಡ್‌ಫೋನಿಗೆ ಕಳುಹಿಸುತ್ತದೆ. ಹೀಗೆ ಇಲ್ಲಿ ಹೊದಿಕೆಯು ಕೈಯ ಸುದ್ದಿಯನ್ನು ಒಯ್ಯುವ ದೂತನಷ್ಟೆ. ದೂತನಲ್ಲಿ ನಾವು ನೋಡಬೇಕಾದ ಗುಣ ಸತ್ಯವಾದ ವರದಿ. ವಾದ್ಯದ ಪರೀಕ್ಷೆಯೆಲ್ಲವೂ ಈ ಒಂದು ಮಾತಿನಲ್ಲಿ ಅಡಗಿದೆ.

1980ರ ದಶಕದ ಇಂತಹ ವಾದ್ಯಗಳಲ್ಲಿ ಗಟ್ಟಿಯಾದ ಪ್ಲಾಸ್ಟಿಕ್ ಹಲಗೆಗಳಿದ್ದು, ನುಡಿಸುವವರ ಮಣಿಕಟ್ಟು ನೋಯುತ್ತಿತ್ತು. ಬಳಿಕ ರಬ್ಬರಿನ ಹೊದಿಕೆ ರೂಢಿಗೆ ಬಂದಿತು. 1997ರಲ್ಲಿ ಜಪಾನಿನ ರೋಲಂಡ್ ಸಂಸ್ಥೆಯು ಬಲೆಯ ಹೊದಿಕೆಯ ವಾದ್ಯವನ್ನು ಮಾರುಕಟ್ಟೆಗೆ ತಂದಿತು. ಬಲೆಯನ್ನು ತಿರುಪುಗಳಿಂದ ಬಿಗಿಮಾಡಬಹುದು. ಕೋಲು ಚರ್ಮದ ಮೇಲೆ ಪುಟಿಯುವಂತೆ ಪುಟಿಯುತ್ತದೆ. ತೀರ ಸಡಿಲವಾದರೆ ಕೋಲು ಹೂತಂತಾಗುತ್ತದೆ. ಅತಿ ಬಿಗಿಯಾದರೆ ಅಳತೆ ಮೀರಿ ಚಿಮ್ಮುತ್ತದೆ.

ಅಂಗಡಿಯವರು ಮೊದಲು ಪೆಟ್ಟಿಗೆಯೊಳಗಿನ ನೂರಾರು ಧ್ವನಿಗಳನ್ನು ಒಂದೊಂದಾಗಿ ಕೇಳಿಸಿದರು. ಹುಡುಗನು ಬೆರಗಾದನು. ಆದರೆ ಧ್ವನಿಗಳ ಎಣಿಕೆಯಿಂದ ವಾದ್ಯದ ಯೋಗ್ಯತೆ ತಿಳಿಯದು. ನಾವು ಒಂದೇ ಧ್ವನಿಯನ್ನಿಟ್ಟುಕೊಂಡು ಐದು ಪರೀಕ್ಷೆಗಳನ್ನು ಮಾಡಿದೆವು.

ಮೊದಲನೆಯದು: ಕೇಳಿಯೂ ಕೇಳದಷ್ಟು ಮೃದುವಾಗಿ ತೊಡಗಿ, ಪೆಟ್ಟಿನ ಬಲವನ್ನು ಮೆಲ್ಲಮೆಲ್ಲನೆ ಏರಿಸಬೇಕು. ಧ್ವನಿಯೂ ಹಾಗೆಯೇ ಏರಬೇಕೇ ಹೊರತು ಮೆಟ್ಟಿಲು ಹಾರಿದಂತೆ ನೆಗೆಯಬಾರದು. ಎರಡನೆಯದು: ಒಂದೇ ಬಲದಿಂದ ನಡುವಿನಲ್ಲಿಯೂ ಅಂಚಿನ ಕಡೆಗೂ ಬಾರಿಸಬೇಕು. ಬಿಲ್ಲೆಯು ಸರಿಯಾಗಿ ನಡುವಿನಲ್ಲಿರುವ ವಾದ್ಯಗಳಲ್ಲಿ ಅದರ ನೆತ್ತಿಗೆ ಬಿದ್ದ ಪೆಟ್ಟು ಅಗತ್ಯಕ್ಕಿಂತ ಜೋರಾಗಿ ಕೇಳುವುದುಂಟು. ಮೂರನೆಯದು: ಒಂದನ್ನು ಬಾರಿಸಿದಾಗ ಪಕ್ಕದ್ದು ತಾನಾಗಿ ನುಡಿಯುವುದೇ ಎಂದು ಗಮನಿಸಬೇಕು, ಒಂದೇ ಚೌಕಟ್ಟಿನ ಮೂಲಕ ಅದುರು ಹರಿಯುವುದರಿಂದ ಈ ದೋಷ ಬರುತ್ತದೆ. ನಾಲ್ಕನೆಯದು: ವೇಗವಾಗಿ ಎಡೆಬಿಡದೆ ಬಾರಿಸಿ, ಯಾವ ಪೆಟ್ಟೂ ಕಳೆದುಹೋಗದೆಂದು ನೋಡಬೇಕು. ಐದನೆಯದು: ಪೆಟ್ಟಿಗೂ ಧ್ವನಿಗೂ ನಡುವಣ ವಿಳಂಬ. ಶಬ್ದವು ಗಾಳಿಯಲ್ಲಿ ಒಂದು ಮೀಟರು ಸಾಗಲು ಸೆಕೆಂಡಿನ ಸಾವಿರದಲ್ಲಿ ಸುಮಾರು 3 ಭಾಗ ಕಾಲ ಹಿಡಿಯುತ್ತದೆ. ಆದುದರಿಂದ 6 ಭಾಗದ ವಿಳಂಬವೆಂದರೆ ಎರಡು ಮೀಟರು ದೂರದ ಡ್ರಮ್ಮನ್ನು ಕೇಳಿದಂತೆ, ಅದು ಬಾಧಕವಲ್ಲ. 30 ಭಾಗವಾದರೆ ಹತ್ತು ಮೀಟರು ದೂರದಿಂದ ಕೇಳಿದಂತಾಗಿ ಲಯ ಕೆಡುವುದು.

ಮೊದಲನೆಯ ಪರೀಕ್ಷೆಯಲ್ಲಿಯೇ ಹುಡುಗನ ಮೃದುವಾದ ಪೆಟ್ಟುಗಳು ಕೇಳಿಸಲಿಲ್ಲ. ವಾದ್ಯವೇ ಸರಿಯಿಲ್ಲವೆಂದು ನಾವು ಬಗೆದೆವು. ಅಂಗಡಿಯವರು ಪೆಟ್ಟಿಗೆಯ ಸೂಕ್ಷ್ಮತೆಯನ್ನು ಹೆಚ್ಚಿಸಿದ ಮೇಲೆ ಬಲಗೈಯ ಪೆಟ್ಟುಗಳೆಲ್ಲ ಕೇಳಿಬಂದವು. ಎಡಗೈಯವು ಮಾತ್ರ ಒಮ್ಮೆ ಕೇಳಿದವು, ಒಮ್ಮೆ ಇಲ್ಲ. ಕೋಲುಗಳನ್ನು ಅದಲುಬದಲು ಮಾಡಿ ನೋಡಿದರೂ ಹಾಗೆಯೇ. ಆಗ ಹುಡುಗನೇ ನಕ್ಕು, “ಇದು ನನ್ನ ಎಡಗೈ ತಪ್ಪು ಸಾರ್” ಎಂದನು. ಬ್ಯಾಂಡಿನ ಗದ್ದಲದಲ್ಲಿ ಇದುವರೆಗೆ ಮರೆಯಾಗಿದ್ದ ದೌರ್ಬಲ್ಯವನ್ನು ದೂತನು ಇದ್ದಂತೆ ವರದಿ ಮಾಡಿದ್ದನು!

ಇನ್ನೆರಡು ಎಚ್ಚರಿಕೆಗಳು ಅವಶ್ಯ. ಬಲೆಯು ನಿಶ್ಶಬ್ದವಾದರೂ ಕಾಲಿನ ಪೆಡಲಿನ ಗುದ್ದು ನೆಲಕ್ಕೆ ಇಳಿಯುತ್ತದೆ. ಮಹಡಿಯ ಮನೆಯವರು ದಪ್ಪನೆಯ ಹಾಸನ್ನು ಹಾಸಬೇಕು. ಎರಡನೆಯದು ಕಿವಿಯ ವಿಷಯ. ನೆರೆಯವರನ್ನು ಕಾಪಾಡಿದ ಹೆಡ್‌ಫೋನು ಮಗುವಿನ ಕಿವಿಯನ್ನು ಕೆಡಿಸಬಾರದು. ಮಕ್ಕಳು 75 ಡೆಸಿಬೆಲ್ಲಿನ ಧ್ವನಿಯನ್ನು ವಾರಕ್ಕೆ 40 ಗಂಟೆ ಕೇಳಬಹುದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಧ್ವನಿ ಹೆಚ್ಚಿದಂತೆ ಕಾಲವನ್ನು ಬಹಳವಾಗಿ ತಗ್ಗಿಸಬೇಕು. ಎದುರಿಗೆ ಕುಳಿತವರ ಮಾತು ಕೇಳದಷ್ಟು ಜೋರಾಗಿದ್ದರೆ ಅದು ಅತಿಯಾಯಿತೆಂದು ತಿಳಿಯಿರಿ.

ಈ ವಾದ್ಯವು ಕೋಲಿನ ಅಭ್ಯಾಸಕ್ಕೆ ಒಳ್ಳೆಯ ಸಾಧನವೆಂದು ನಮ್ಮ ಅಭಿಪ್ರಾಯ. ಮೃದಂಗವನ್ನು ಕಲಿಯಬಯಸುವವರಿಗೆ ಇದು ಒದಗದು. ಕರಣೆಯ ಮೇಲೆ ಬೆರಳು ಪಡೆಯುವ ಅನುಭವವನ್ನು ಬಲೆಯು ಕೊಡಲಾರದು. ವಿದ್ಯುತ್ತು ನಿಂತರೆ ಇದು ಮೂಕ; ತಮಟೆಗೆ ಆ ಚಿಂತೆಯಿಲ್ಲ. ಧ್ವನಿಗಳು ಕಡಮೆಯಿದ್ದರೂ ಎಲ್ಲ ಡ್ರಮ್ಮುಗಳಿಗೂ ಬಲೆಯ ಹೊದಿಕೆಯಿರುವ ಚಿಕ್ಕ ವಾದ್ಯವನ್ನು ಆ ತಂದೆಯವರು ಆರಿಸಿಕೊಂಡರು. ಉಳಿದ ಹಣವನ್ನು ಮಗನಿಗೆ ಪಾಠ ಹೇಳುವ ಗುರುಗಳಿಗಾಗಿ ತೆಗೆದಿರಿಸಿದರು. ಹುಡುಗನು ಈಗ ದಿನವೂ ಎಡಗೈಯಿಂದ ಅಭ್ಯಾಸವನ್ನು ಆರಂಭಿಸುತ್ತಾನೆ. ನೆರೆಯವರು ಸುಖವಾಗಿ ನಿದ್ರಿಸುತ್ತಾರೆ.