ಮನೆಯ ಕ್ರಯವೂ ವಕೀಲರ ಆಯ್ಕೆಯೂ

ಮನೆಯನ್ನು ಕೊಳ್ಳುವವರು ಗೋಡೆ, ಗವಾಕ್ಷಿಗಳನ್ನು ಹತ್ತು ಬಾರಿ ನೋಡುತ್ತಾರೆ; ಪತ್ರಗಳನ್ನು ಮಾತ್ರ ಮಾರುವವರ ವಕೀಲರಿಗೇ ಒಪ್ಪಿಸಿಬಿಡುತ್ತಾರೆ. ಇದು ತರವಲ್ಲ. 1908ರ ನೋಂದಣಿ ಕಾಯಿದೆಯಂತೆ 100 ರೂಪಾಯಿ ಹಾಗೂ ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಕ್ರಯಪತ್ರವು ನೋಂದಣಿಯಾಗಲೇಬೇಕು. ಆದರೆ ನೋಂದಣಿಯು ಪತ್ರಕ್ಕೆ ಸಾಕ್ಷಿಯೇ ಹೊರತು ಮಾರುವವರ ಹಕ್ಕಿಗೆ ಭರವಸೆಯಲ್ಲ. ಋಣಭಾರ ಪತ್ರದಲ್ಲಿಯೂ ನೋಂದಣಿಯಾದ ವ್ಯವಹಾರಗಳಷ್ಟೇ ಕಾಣುತ್ತವೆ. ಉಯಿಲು ಬರೆಯದೆ ತೀರಿಕೊಂಡ ತಂದೆಯ ಮನೆಯನ್ನು ಮಗನೊಬ್ಬನೇ ಮಾರಹೊರಟನೆನ್ನಿ. ಸಹಿ ಹಾಕದ ಮಗಳ ಪಾಲು ಅದರಲ್ಲಿ ತೋರದು. ಆದುದರಿಂದ ಹಕ್ಕು ಕೈಯಿಂದ ಕೈಗೆ ಬಂದ ಬಗೆಯನ್ನು ಮೂಲಪತ್ರದಿಂದಲೇ ಓದಿ, ವಂಶವೃಕ್ಷವನ್ನು ಕೇಳಿ, ಅಭಿಪ್ರಾಯವನ್ನು ಬರಹದಲ್ಲಿ ಕೊಡುವ ವಕೀಲರನ್ನು ಆರಿಸಬೇಕು. ಅವರು ದಲ್ಲಾಳಿ ಕರೆತಂದವರಾಗಿರಬಾರದು. ಮುಂಗಡ ಕೊಡುವುದಕ್ಕೆ ಮೊದಲೇ ಅವರನ್ನು ಕಾಣುವುದು ಲೇಸು. ನಕಲು ಪ್ರತಿಯನ್ನು ನೋಡಿಯೇ ತಲೆದೂಗುವವರಂತೂ ಬೇಡ. ಮೂಲಪತ್ರಗಳು ಯಾವುದಾದರೊಂದು ಬ್ಯಾಂಕಿನಲ್ಲಿ ಅಡವಾಗಿದ್ದರೂ ಇರಬಹುದು.