ಮೆಂಡಲೀಫನ ಮನೆಗಳೂ ನಮ್ಮ ತೋಟದ ಮಣ್ಣೂ

ಮಲಪ್ರಭಾ ನದಿ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಅಲ್ಲಿ ದಟ್ಟ ಕಾಡು, ಕೆಂಪು ಜಂಬಿಟ್ಟಿಗೆ ಮಣ್ಣು, ಮಳೆಗಾಲವಿಡೀ ಬಿಡದೆ ಸುರಿಯುವ ಮಳೆ. ಅದೇ ಹೊಳೆ ಪೂರ್ವಕ್ಕೆ ಹರಿದು ನವಿಲುತೀರ್ಥದ ಅಣೆಕಟ್ಟು ಸೇರುವಷ್ಟರಲ್ಲಿ ಸೀಮೆಯೇ ಬದಲಾಗಿರುತ್ತದೆ. ಅಲ್ಲಿಂದ ಉತ್ತರಕ್ಕಿರುವ ಯರಗಟ್ಟಿ ಸೀಮೆಯಲ್ಲಿ ಮಳೆ ಕಡಿಮೆ. ಎರೆಹೊಲವನ್ನು ಅಗೆದರೆ ಬಿಳಿಯ ಸುಣ್ಣದ ಹರಳುಗಳು ಸಿಗುತ್ತವೆ.

ನಮ್ಮ ಮಲೆನಾಡಿನ ಕಾಫಿ, ಅಡಿಕೆ ತೋಟಗಳಿಗೆ ಸುಣ್ಣ ಹಾಕಿರೆಂದು ತಜ್ಞರು ಹೇಳುತ್ತಾರೆ. ಯರಗಟ್ಟಿಯ ಎರೆಹೊಲಕ್ಕೆ ಸುಣ್ಣ ಹಾಕಿದರೆ ಹಣ ದಂಡ. ಈಚೆಗೆ ನೀರಾವರಿ ಸಿಕ್ಕಿದ ಬಯಲುಸೀಮೆಗೂ ಅಡಿಕೆ ಕಾಲಿಡುತ್ತಿದೆ. ಮಲೆನಾಡಿನ ನೆಂಟರ ತೋಟ ನೋಡಿ ಬಂದು ಅದೇ ಗೊಬ್ಬರ, ಅದೇ ಲೆಕ್ಕ ಅನುಸರಿಸುವವರೂ ಇದ್ದಾರೆ. ಇದು ಏಕೆ ಕೂಡದು ಎಂಬುದಕ್ಕೆ ಉತ್ತರ ನಮ್ಮ ಮಕ್ಕಳ ಶಾಲೆಯ ಗೋಡೆಯ ಮೇಲೆ ತೂಗಾಡುವ ಒಂದು ಪಟದಲ್ಲಿದೆ. ಅದೇ ಮೂಲವಸ್ತುಗಳ ಆವರ್ತ ಕೋಷ್ಟಕ.

ಬಿಟ್ಟ ಮನೆಗಳು

1869ರಲ್ಲಿ ರಷ್ಯದ ರಸಾಯನ ವಿಜ್ಞಾನಿ ಮೆಂಡಲೀಫ್ ಆಗ ತಿಳಿದಿದ್ದ ಸುಮಾರು ಅರವತ್ತು ಮೂಲವಸ್ತುಗಳನ್ನು ಪರಮಾಣು ತೂಕದ ಕ್ರಮದಲ್ಲಿ ಜೋಡಿಸಿದನು. ಕೆಲವು ಮನೆ ದಾಟಿದ ಮೇಲೆ ಮೊದಲಿನ ಗುಣವೇ ಮತ್ತೆ ಬರುವುದನ್ನು ಕಂಡು, ಒಂದೇ ಗುಣದವನ್ನು ಒಂದೇ ಸಾಲಿಗೆ ತಂದನು. ತಕ್ಕ ವಸ್ತು ಸಿಗದ ಕಡೆ ಮನೆಯನ್ನು ಖಾಲಿ ಬಿಟ್ಟನು. ಆ ಖಾಲಿ ಮನೆಗಳಿಗೆ ಹೆಸರಿಡಲು ಆತ ಬಳಸಿದ್ದು ಸಂಸ್ಕೃತದ ‘ಏಕ’ ಎಂಬ ಪದ! ಅಲ್ಯೂಮಿನಿಯಮ್ಮಿನ ಕೆಳಗಿನ ಖಾಲಿ ಮನೆ ‘ಏಕ-ಅಲ್ಯೂಮಿನಿಯಂ’ ಆಯಿತು.

1875ರಲ್ಲಿ ಫ್ರಾನ್ಸಿನಲ್ಲಿ ಆ ಲೋಹ ಸಿಕ್ಕಿತು. ಅದಕ್ಕೆ ಗ್ಯಾಲಿಯಂ ಎಂದು ಹೆಸರಿಟ್ಟರು. ಕಂಡುಹಿಡಿದವರು ಅದರ ಸಾಂದ್ರತೆ 4.7 ಎಂದರು. ಅದನ್ನು ಕಣ್ಣಿಂದಲೂ ನೋಡಿರದ ಮೆಂಡಲೀಫ್, 5.9 ಇರಬೇಕು, ಮತ್ತೆ ಅಳೆಯಿರಿ ಎಂದನು. ಶುದ್ಧಮಾಡಿ ಅಳೆದಾಗ 5.9 ಬಂದಿತು. ಮುಂದೆ 1913ರಲ್ಲಿ ಇಂಗ್ಲೆಂಡಿನ ಮೋಸ್ಲಿ, ತೂಕಕ್ಕಿಂತ ಪರಮಾಣು ಸಂಖ್ಯೆಯೇ ಸರಿಯಾದ ಕ್ರಮವೆಂದು ತೋರಿಸಿದನು. ಇಂದು ಕೋಷ್ಟಕದಲ್ಲಿ 118 ಮೂಲವಸ್ತುಗಳು, 18 ಕಂಬಸಾಲು, 7 ಅಡ್ಡಸಾಲು ಇವೆ.

ನಾಲ್ಕು ಮನೆಗಳ ಕತೆ

ಬೆಳೆಗಾರರಾದ ನಮಗೆ ಎಡತುದಿಯ ನಾಲ್ಕು ಮನೆಗಳು ಮುಖ್ಯ. ಮೇಲೆ ಸೋಡಿಯಂ, ಪಕ್ಕದಲ್ಲಿ ಮೆಗ್ನೀಸಿಯಂ. ಸೋಡಿಯಮ್ಮಿನ ಕೆಳಗೆ ಪೊಟ್ಯಾಸಿಯಂ, ಮೆಗ್ನೀಸಿಯಮ್ಮಿನ ಕೆಳಗೆ ಕ್ಯಾಲ್ಸಿಯಂ. ಮೊದಲನೆಯ ಕಂಬಸಾಲಿನವು ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಡುತ್ತವೆ, ಎರಡನೆಯದರವು ಎರಡನ್ನು. ಕೆಳಗಿಳಿದಂತೆ ಪರಮಾಣು ದೊಡ್ಡದಾಗುತ್ತದೆ, ಹೊರಗಿನ ಎಲೆಕ್ಟ್ರಾನಿನ ಹಿಡಿತ ಸಡಿಲವಾಗುತ್ತದೆ. ಸೋಡಿಯಂ ಲೋಹದ ಚೂರು ನೀರಿಗೆ ಬಿದ್ದರೆ ಬುಸುಗುಟ್ಟಿ ಓಡಾಡುತ್ತದೆ. ಅದರ ಕೆಳಮನೆಯ ಪೊಟ್ಯಾಸಿಯಂ ಬೆಂಕಿಯನ್ನೇ ಹೊತ್ತಿಸುತ್ತದೆ. ಆದ್ದರಿಂದಲೇ ಅದು ಲೋಹವಾಗಿ ಭೂಮಿಯಲ್ಲಿ ಸಿಗದು. ನಾವು ಚೀಲದಲ್ಲಿ ಕೊಳ್ಳುವ ಪೊಟ್ಯಾಷ್ ಅದರ ಲವಣ.

ಎಲೆಕ್ಟ್ರಾನು ಕಳೆದುಕೊಂಡ ಇವುಗಳಿಗೆ ಧನ ವಿದ್ಯುತ್ತು ಇರುತ್ತದೆ, ಜೇಡಿಮಣ್ಣಿನ ಕಣಕ್ಕೆ ಋಣ ವಿದ್ಯುತ್ತು. ಆದ್ದರಿಂದ ಮಣ್ಣು ಇವನ್ನು ಹಿಡಿದಿಟ್ಟುಕೊಳ್ಳುತ್ತದೆ. ಎರಡು ಕಳೆದುಕೊಂಡ ಕ್ಯಾಲ್ಸಿಯಂ ಬಿಗಿಯಾಗಿ ಅಂಟಿ ಕಣಗಳನ್ನು ಒಟ್ಟುಗೂಡಿಸುತ್ತದೆ. ಒಂದೇ ಕಳೆದುಕೊಂಡ ಸೋಡಿಯಂ ಹೆಚ್ಚಾದರೆ ಕಣಗಳು ಚದುರಿ ಮಣ್ಣು ರಾಡಿಯಾಗುತ್ತದೆ, ಒಣಗಿದರೆ ಕಲ್ಲಾಗುತ್ತದೆ. ಮಲಪ್ರಭಾ ಕಾಲುವೆಯ ಬಯಲಿನಲ್ಲಿ ಸವಳು ಬಿದ್ದ ಹೊಲಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಸೋಡಿಯಂ ಹೆಚ್ಚಿದ ಅಂಥ ನೆಲಕ್ಕೆ ಜಿಪ್ಸಂ ಹಾಕುವುದು ಈ ಕಾರಣಕ್ಕೇ. ಅದರ ಕ್ಯಾಲ್ಸಿಯಂ ಸೋಡಿಯಮ್ಮನ್ನು ಎಬ್ಬಿಸಿ ತಾನು ಕೂರುತ್ತದೆ. ಆದರೆ ಎದ್ದ ಸೋಡಿಯಂ ಹೊರಗೆ ಹೋಗಲು ಬಸಿಗಾಲುವೆ ಇರಲೇಬೇಕು.

ಮಳೆ ಮಾಡಿದ ವಿಂಗಡಣೆ

ಮಲೆನಾಡಿನಲ್ಲಿ ಶತಮಾನಗಳ ಮಳೆ ಈ ನಾಲ್ಕನ್ನೂ ತೊಳೆದೊಯ್ದಿದೆ. ಮೂರು ಎಲೆಕ್ಟ್ರಾನು ಬಿಡುವ ಅಲ್ಯೂಮಿನಿಯಂ ಮತ್ತು ಕಬ್ಬಿಣ ನೀರಿನಲ್ಲಿ ಸುಲಭವಾಗಿ ಕರಗದೆ ಉಳಿದವು. ನಮ್ಮ ಜಂಬಿಟ್ಟಿಗೆಯ ಕೆಂಪು ಬಣ್ಣ ಆ ಕಬ್ಬಿಣದ್ದು. ರಸಸಾರ 5.5ಕ್ಕಿಂತ ಇಳಿದರೆ ಅಲ್ಯೂಮಿನಿಯಂ ಕರಗತೊಡಗಿ ಬೇರಿನ ತುದಿಯನ್ನು ಮೊಂಡು ಮಾಡುತ್ತದೆ. ಸುಣ್ಣ ಬೇಕಾಗುವುದು ಇಲ್ಲಿ. ಮೆಗ್ನೀಸಿಯಮ್ಮೂ ಕೊರತೆಯಾಗಿದ್ದರೆ ಎರಡನ್ನೂ ಒಟ್ಟಿಗೆ ಕೊಡುವ ಡೋಲೊಮೈಟ್ ಮೇಲು. ಪೊಟ್ಯಾಷ್ ಮಾತ್ರ ಸುರಿದರೆ ಬೇರು ಮೆಗ್ನೀಸಿಯಮ್ಮನ್ನು ಹೀರುವುದು ಕುಗ್ಗಿ, ಹಳೆಯ ಎಲೆಗಳು ನರ ಹಸಿರಾಗಿಯೇ ಉಳಿದು ನಡುವೆ ಹಳದಿಯಾಗುತ್ತವೆ.

ಯರಗಟ್ಟಿ ಸೀಮೆಯಲ್ಲಿ ತೊಳೆಯುವಷ್ಟು ಮಳೆಯಿಲ್ಲ. ಕ್ಯಾಲ್ಸಿಯಂ ಅಲ್ಲೇ ಸುಣ್ಣದ ಹರಳಾಗಿ ಕುಳಿತಿದೆ. ಅಲ್ಲಿಯ ಕೊರತೆ ಬೇರೆ. ನಾಲ್ಕನೆಯ ಅಡ್ಡಸಾಲಿನ ನಡುವಿನ ಮನೆಗಳಲ್ಲಿರುವ ಮ್ಯಾಂಗನೀಸ್, ಕಬ್ಬಿಣ, ತಾಮ್ರ, ಸತು ಇವು ಸುಣ್ಣದ ಮಣ್ಣಿನಲ್ಲಿದ್ದರೂ ಬೇರಿಗೆ ಸುಲಭವಾಗಿ ದಕ್ಕವು. ಎಳೆಯ ಎಲೆ ಬಿಳುಚಿದರೆ ಅಲ್ಲಿ ಮೊದಲು ನೋಡಬೇಕಾದದ್ದು ಕಬ್ಬಿಣ, ಸತುವಿನ ಕಡೆಗೆ.

ರಂಜಕದ ಪಾಡು ಇನ್ನೂ ಸೋಜಿಗ. ಬಲಗಡೆಯ ಅಲೋಹವಾದ ಅದನ್ನು ಎಡಗಡೆಯ ಲೋಹಗಳು ಹಿಡಿದು ಕೂರಿಸುತ್ತವೆ. ಮಲೆನಾಡಿನಲ್ಲಿ ಹಿಡಿಯುವವು ಕಬ್ಬಿಣ ಮತ್ತು ಅಲ್ಯೂಮಿನಿಯಂ, ಎರೆಹೊಲದಲ್ಲಿ ಕ್ಯಾಲ್ಸಿಯಂ. ಹುಳಿಮಣ್ಣಿನಲ್ಲಿ ಶಿಲಾರಂಜಕ ಮೆಲ್ಲಗೆ ಕರಗಿ ಒದಗುತ್ತದೆ. ಸುಣ್ಣದ ಎರೆಯಲ್ಲಿ ಅದು ಕಲ್ಲಾಗಿಯೇ ಉಳಿಯುತ್ತದೆ. ಅಲ್ಲಿಗೆ ಸೂಪರ್ ಫಾಸ್ಫೇಟೇ ಸರಿ.

ತಾಮ್ರದ ಲೆಕ್ಕ

ಮೈಸೂರು ಸಂಸ್ಥಾನದಲ್ಲಿ 1910ರ ಸುಮಾರಿಗೆ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ ಬೋರ್ಡೋ ದ್ರಾವಣದ ದಾರಿ ತೋರಿಸಿದರು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು: ಈ ಅಳತೆ ನಮಗೆಲ್ಲ ಬಾಯಿಪಾಠ. ಶಿಲೀಂಧ್ರವನ್ನು ಕೊಲ್ಲುವುದು ತಾಮ್ರ. ಅದರ ಹುಳಿಯನ್ನು ಕಳೆದು ಕಾಯಿ, ಎಲೆ ಸುಡದಂತೆ ಕಾಯುವುದು ಸುಣ್ಣ. ಆದರೆ ತಾಮ್ರ ಪೊಟ್ಯಾಸಿಯಮ್ಮಿನಂತೆ ಮಳೆಯಲ್ಲಿ ಕೊಚ್ಚಿಹೋಗದು. ತೊಟ್ಟಿಕ್ಕಿದ್ದು ಮೇಲ್ಮಣ್ಣಿನಲ್ಲಿ ವರ್ಷ ವರ್ಷವೂ ಕೂಡುತ್ತದೆ. ಹೆಚ್ಚಾದರೆ ಕಬ್ಬಿಣ ಮತ್ತು ಸತುವಿಗೆ ಅಡ್ಡಿಯಾಗುತ್ತದೆ. ಹಾಗೆಂದು ಸಿಂಪಡಣೆ ಬಿಡಲಾಗದು, ಗೊನೆಗೆ ಬೀಳಬೇಕಾದದ್ದು ನೆಲಕ್ಕೆ ಸುರಿಯದಂತೆ ನೋಡಿಕೊಳ್ಳೋಣ.

ಮಳೆಗಾಲ ಮುಗಿದು ಮಣ್ಣು ಆರಿದ ಮೇಲೆ, ಗೊಬ್ಬರ ಹಾಕುವ ಮೊದಲು, ತೋಟದ ನಾಲ್ಕಾರು ಕಡೆಯ ಮಣ್ಣು ಕಲಸಿ ಪರೀಕ್ಷೆಗೆ ಕಳುಹಿಸೋಣ. ವರದಿ ಬಂದಾಗ ರಸಸಾರ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಷ್, ಸತು, ತಾಮ್ರ ಇವಿಷ್ಟನ್ನು ಓದಿ, ಶಾಲೆಗೆ ಹೋಗುವ ಮಕ್ಕಳ ಪಟದಲ್ಲಿ ಅವುಗಳ ಮನೆ ಯಾವುದೆಂದು ನೋಡಿರಿ. ಯಾವ ಚೀಲ ಕೊಳ್ಳಬೇಕು, ಯಾವುದನ್ನು ಅಂಗಡಿಯಲ್ಲೇ ಬಿಡಬೇಕು ಎಂಬುದನ್ನು ಆಮೇಲೆ ತೀರ್ಮಾನಿಸಬಹುದು.